ಅಲ್ಪ ವೆಚ್ಚದಲ್ಲಿ ಮಕ್ಕಳ ಕಾಲ್ಚೆಂಡಾಟ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ಗಡಿನಾಡಿನ ಕನ್ನಡದ ಸ್ಥಿತಿಗತಿಯನ್ನೋ ದಾಸಸಾಹಿತ್ಯವನ್ನೋ ಕುರಿತು ಬಲ್ಲವರು ಮಾತನಾಡುವುದು ವಾಡಿಕೆಯಾಗಿದೆ. ಅಂತಹ ಸ್ಥಳದಲ್ಲಿ ಕಾಲ್ಚೆಂಡಿನ ಮಾತನ್ನು ಎತ್ತುವುದು ಕೆಲವರಿಗೆ ಲಘುವಾಗಿ ತೋರಬಹುದು. ಆದರೆ ಮರಕ್ಕಡವಿನ ಯಾವ ಮನೆಯಲ್ಲಿ ಹತ್ತು ವರ್ಷದ ಮಗುವಿದೆಯೋ ಆ ಮನೆಯಲ್ಲಿ ಈ ಮಾತು ದಿನಕ್ಕೊಮ್ಮೆಯಾದರೂ ಏಳುತ್ತದೆ. ಮಗು ಚೆಂಡನ್ನು ಕೇಳುತ್ತದೆ; ಚೆಂಡು ಬಂದ ಮೇಲೆ ಬೂಟನ್ನು ಕೇಳುತ್ತದೆ; ಬೂಟು ಬಂದ ಮೇಲೆ ಪೇಟೆಯ ತರಬೇತಿ ಶಾಲೆಗೆ ಸೇರಿಸೆಂದು ಕೇಳುತ್ತದೆ. ಮೆಣಸಿನ ಬಳ್ಳಿ ಸೊರಗಿ ಹೋದ ತೋಟದ ಒಡೆಯನಾಗಲಿ, ದಿನಗೂಲಿಗೆ ಹೋಗುವ ತಾಯಿಯಾಗಲಿ ಇದಕ್ಕೆ ಏನು ಉತ್ತರ ಹೇಳಬೇಕು? ‘ನಮ್ಮಂಥವರಿಗಲ್ಲ ಆ ಆಟ’ ಎಂದು ಹೇಳಿ ಮಗುವಿನ ಬಾಯಿ ಮುಚ್ಚಿಸುವ ಮನೆಗಳಿವೆ. ಸಾಲ ಮಾಡಿ ಕೇಳಿದ್ದನ್ನೆಲ್ಲ ಕೊಡಿಸುವ ಮನೆಗಳೂ ಇವೆ. ಈ ಎರಡೂ ಅನಾವಶ್ಯಕವೆಂಬುದು ನನ್ನ ಅಭಿಪ್ರಾಯ. ಏಕೆ ಅನಾವಶ್ಯಕವೆಂಬುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ವೆಚ್ಚದ ಲೆಕ್ಕವನ್ನು ನೋಡೋಣ. ತರಬೇತಿ ಶಾಲೆಯ ಮಾಸಿಕ ಶುಲ್ಕ ಕಣ್ಣಿಗೆ ಕಾಣುವ ವೆಚ್ಚ. ಪುಲ್ಪಳ್ಳಿಗೋ ಸುಲ್ತಾನ್ ಬತ್ತೇರಿಗೋ ಹೋಗಿಬರುವ ಬಸ್ಸಿನ ಖರ್ಚು, ಜೊತೆಗೆ ಹೋಗುವ ಹಿರಿಯರ ಒಂದು ದಿನದ ಕೂಲಿ, ಅಲ್ಲಿ ಎಲ್ಲರೂ ತೊಟ್ಟಿರುವ ಬಣ್ಣದ ಉಡುಪು, ಇವು ಕಾಣದ ವೆಚ್ಚಗಳು. ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಹಸಿರು ಹಾಸಿನ ಟರ್ಫ್ ಅಂಗಳಗಳು ಈಗ ಸಣ್ಣ ಪೇಟೆಗಳಿಗೂ ಬಂದಿವೆ. ಇಷ್ಟನ್ನೆಲ್ಲ ತೆತ್ತು ವಾರಕ್ಕೆ ಎರಡು ದಿನ ಕಲಿಯುವ ಮಗುವಿಗೆ ದೊರೆಯುವುದೇನು? ಒಳ್ಳೆಯ ಗುರು ದೊರೆತರೆ ತಪ್ಪನ್ನು ತಿದ್ದುವ ಕಣ್ಣು ದೊರೆಯುತ್ತದೆ. ಅದು ಬೆಲೆಯುಳ್ಳದ್ದು, ಅಲ್ಲಗಳೆಯುವಂತಿಲ್ಲ. ಆದರೆ ತಿದ್ದುವುದಕ್ಕೆ ಮೊದಲು ಬರೆದಿರಬೇಕಷ್ಟೆ. ಅಕ್ಷರ ಕಲಿಯುವ ಮಗು ಮರಳಿನ ಮೇಲೆ ನೂರು ಬಾರಿ ಬೆರಳಾಡಿಸಿದ ಮೇಲೆ ಅಕ್ಷರ ದುಂಡಾಗುವಂತೆ, ಚೆಂಡು ಪಾದಕ್ಕೆ ಸಾವಿರ ಬಾರಿ ತಾಗಿದ ಮೇಲೆ ಪಾದಕ್ಕೆ ಬುದ್ಧಿ ಬರುತ್ತದೆ. ಆ ಸಾವಿರ ಸ್ಪರ್ಶಗಳನ್ನು ಯಾವ ಶಾಲೆಯೂ ಮಾರುವುದಿಲ್ಲ. ಅವು ಮನೆಯಂಗಳದಲ್ಲಿ ಆಗತಕ್ಕವು.

ಇದು ಬಡತನಕ್ಕೆ ಹೇಳುವ ಸಮಾಧಾನದ ಮಾತಲ್ಲ. ನಮ್ಮ ಕನ್ನಡನಾಡಿನ ಚರಿತ್ರೆಯಲ್ಲಿಯೇ ಇದಕ್ಕೆ ಸಾಕ್ಷಿ ಇದೆ. ೧೯೪೮ರ ಜುಲೈ ೩೧ರಂದು ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿತು. ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿದ್ದರು, ಕೆಲವರು ಪಾದಕ್ಕೆ ಪಟ್ಟಿ ಸುತ್ತಿಕೊಂಡಿದ್ದರು. ಎರಡು ಪೆನಾಲ್ಟಿ ಒದೆತಗಳು ಕೈತಪ್ಪಿ, ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ೨–೧ರಿಂದ ಗೆದ್ದಿತು. ಆದರೆ ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, ಧನರಾಜ್ ಇದ್ದರು. ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವರು’ ಎಂದು ಹೆಸರಾದ ಐವರ ಪೈಕಿ ಈ ಇಬ್ಬರೂ ಸೇರಿದ್ದರು. ಚೆಂಡನ್ನು ಹಾವಿನಂತೆ ಆಡಿಸುತ್ತಿದ್ದ ಅಹ್ಮದ್ ಖಾನರನ್ನು ಜನ ಹಾವಾಡಿಗನೆಂದು ಕರೆಯುತ್ತಿದ್ದರು. ಆ ಕಾಲದಲ್ಲಿ ಮೈಸೂರು ಸಂಸ್ಥಾನದ ತಂಡ ಸಂತೋಷ್ ಟ್ರೋಫಿಯನ್ನು ಗೆಲ್ಲುವಷ್ಟು ಬಲವಾಗಿತ್ತು. ೧೯೪೬–೪೭ರಲ್ಲಿ ಗೆದ್ದಿತು, ೧೯೫೨–೫೩ರಲ್ಲಿ ಗೆದ್ದಿತು, ೧೯೬೭–೬೮ ಮತ್ತು ೧೯೬೮–೬೯ರಲ್ಲಿ ಬೆನ್ನುಬೆನ್ನಿಗೆ ಗೆದ್ದಿತು. ಆಮೇಲೆ ಕರ್ನಾಟಕಕ್ಕೆ ಆ ಪ್ರಶಸ್ತಿ ಮರಳಿ ಬಂದದ್ದು ೨೦೨೩ರ ಮಾರ್ಚ್ ೪ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು ೩–೨ರಿಂದ ಸೋಲಿಸಿದಾಗ.

ಬರಿಗಾಲಿನ ಮಾತು ಬಂದಾಗ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬರಿಗಾಲನ್ನು ಕೊಂಡಾಡುವುದು ನಮ್ಮಲ್ಲಿ ಒಂದು ಅಭ್ಯಾಸವಾಗಿಬಿಟ್ಟಿದೆ. ೧೯೫೦ರ ವಿಶ್ವಕಪ್ಪಿಗೆ ಭಾರತ ಹೋಗದಿದ್ದುದು ಬರಿಗಾಲಿನ ಕಾರಣದಿಂದಲೇ ಎಂಬ ಕಥೆ ಎಲ್ಲೆಡೆ ಹಬ್ಬಿದೆ. ಆಗಿನ ನಾಯಕ ಶೈಲೇನ್ ಮನ್ನಾ ಅವರೇ ಅದು ಕಾರಣವಲ್ಲವೆಂದು ಅನಂತರ ಹೇಳಿದರು. ೧೯೫೨ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯದ ಮುಂದೆ ನಮ್ಮವರು ೧೦–೧ರಿಂದ ಸೋತರು. ಆ ಒಂದು ಗೋಲು ಅಹ್ಮದ್ ಖಾನರದು. ಅದಾದ ಮೇಲೆ ಬೂಟು ಕಡ್ಡಾಯವಾಯಿತು, ಬೂಟು ತೊಟ್ಟ ತಂಡವೇ ೧೯೫೬ರಲ್ಲಿ ಮೆಲ್ಬೋರ್ನಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಆದುದರಿಂದ ಸಲಕರಣೆ ಬೇಡವೆಂದು ನಾನು ಹೇಳುತ್ತಿಲ್ಲ. ಸಲಕರಣೆ ಪಂದ್ಯಕ್ಕೆ ಬೇಕು. ಕಲಿಕೆಗೆ ಅದು ಮೊದಲ ಮೆಟ್ಟಿಲಲ್ಲ.

ನಮ್ಮ ಕೇರಳದ ಐ. ಎಂ. ವಿಜಯನ್ ಅವರ ಹೆಸರನ್ನು ಇಲ್ಲಿ ಯಾರಿಗೂ ಪರಿಚಯಿಸಬೇಕಾಗಿಲ್ಲ. ತ್ರಿಶೂರಿನ ಬಡ ಮನೆಯಲ್ಲಿ ೧೯೬೯ರಲ್ಲಿ ಹುಟ್ಟಿದ ಆ ಹುಡುಗ, ಊರಿನ ಕ್ರೀಡಾಂಗಣದಲ್ಲಿ ಸೋಡಾ ಬಾಟಲಿ ಮಾರುತ್ತ ಆಟ ನೋಡಿದವನು. ಹದಿನೇಳರ ಹರೆಯದಲ್ಲಿ ಕೇರಳ ಪೊಲೀಸ್ ತಂಡಕ್ಕೆ ಸೇರಿದ, ಭಾರತ ತಂಡದ ನಾಯಕನಾದ. ೨೦೨೫ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂದಿತು. ನಮ್ಮ ವಯನಾಡಿನವರೇ ಆದ ಸುಶಾಂತ್ ಮ್ಯಾಥ್ಯೂ ೨೦೧೪ರಲ್ಲಿ ಕೊಚ್ಚಿಯಲ್ಲಿ ಚೆನ್ನೈ ತಂಡದ ವಿರುದ್ಧ ಉಪಾಂತ್ಯ ಪಂದ್ಯದ ಕೊನೆಯ ಗಳಿಗೆಯಲ್ಲಿ ದೂರದಿಂದ ಹೊಡೆದ ಗೋಲನ್ನು ಇಲ್ಲಿರುವ ಯುವಕರು ಮರೆತಿರಲಾರರು. ಬೆಂಗಳೂರಿನ ಹಲಸೂರಿನ ಬಳಿ ಗೌತಮಪುರವೆಂಬ ಬಡಾವಣೆಯಿದೆ. ಒತ್ತೊತ್ತಾದ ಸಣ್ಣ ಮನೆಗಳ ಆ ಕೇರಿಯಿಂದ ಬಂದ ಆಟಗಾರರು ಎಷ್ಟೋ ಮಂದಿ. ಅಲ್ಲಿನ ಜನ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನು ನಿಲ್ಲಿಸಿಕೊಂಡಿದ್ದಾರೆ. ಆ ಪೆಲೆಯಾದರೂ ಬಾಲ್ಯದಲ್ಲಿ ಹಳೆಯ ಕಾಲುಚೀಲದೊಳಗೆ ಕಾಗದ, ಚಿಂದಿ ತುಂಬಿ ಬೀದಿಯಲ್ಲಿ ಒದೆದು ಕಲಿತವನು.

ಇನ್ನು ನಮ್ಮ ಅಂಗಳಕ್ಕೆ ಬರೋಣ. ಮೊದಲು ಚೆಂಡು. ಕೊಳ್ಳುವ ಮುನ್ನ ಅಳತೆಯನ್ನು ನೋಡಬೇಕು. ದೊಡ್ಡವರ ಪಂದ್ಯದ ಚೆಂಡಿಗೆ ಐದನೆಯ ಅಳತೆ ಎನ್ನುತ್ತಾರೆ. ಅದರ ಸುತ್ತಳತೆ ೬೮ರಿಂದ ೭೦ ಸೆಂಟಿಮೀಟರ್, ತೂಕ ೪೧೦ರಿಂದ ೪೫೦ ಗ್ರಾಂ. ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ನಾಲ್ಕನೆಯ ಅಳತೆ, ಅದಕ್ಕಿಂತ ಚಿಕ್ಕವರಿಗೆ ಮೂರನೆಯ ಅಳತೆ ಸರಿಯಾದುದು. ‘ಬೆಳೆಯುವ ಮಗು, ದೊಡ್ಡದನ್ನೇ ಕೊಂಡರೆ ನಾಲ್ಕು ವರ್ಷ ಬರುತ್ತದೆ’ ಎಂದು ನಾವು ಅಂಗಿ ಕೊಳ್ಳುವ ನ್ಯಾಯವನ್ನು ಚೆಂಡಿಗೂ ಅನ್ವಯಿಸುತ್ತೇವೆ. ಏಳು ವರ್ಷದ ಮಗು ಐದನೆಯ ಅಳತೆಯ ಚೆಂಡನ್ನು ಬೆರಳ ತುದಿಯಿಂದ ಗುದ್ದಿ ಗುದ್ದಿ ಕೆಟ್ಟ ಅಭ್ಯಾಸ ಕಲಿಯುತ್ತದೆ, ಕಾಲೂ ನೋಯುತ್ತದೆ. ಎರಡನೆಯದಾಗಿ, ನಮ್ಮ ಕಲ್ಲುನೆಲಕ್ಕೆ ಹೊಲಿಗೆಯ ಹೊಳೆಯುವ ಚೆಂಡಿಗಿಂತ ಅಚ್ಚಿನಲ್ಲಿ ತೆಗೆದ ರಬ್ಬರ್ ಮೈಯ ಚೆಂಡು ಹೆಚ್ಚು ಬಾಳುತ್ತದೆ, ಬೆಲೆಯೂ ಕಡಿಮೆ. ಜಲಂಧರ್, ಮೀರತ್ ಪಟ್ಟಣಗಳಲ್ಲಿ ತಯಾರಾದ ಇಂತಹ ಸಾಧಾರಣ ಚೆಂಡುಗಳು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ. ಗಾಳಿ ತುಂಬುವಾಗ ಸೂಜಿಯನ್ನು ನೀರಿನಲ್ಲಿ ಒದ್ದೆ ಮಾಡಿ ಚುಚ್ಚಬೇಕು. ಒಣ ಸೂಜಿ ರಂಧ್ರದ ರಬ್ಬರನ್ನು ಹರಿಯುತ್ತದೆ. ಚೆಂಡುಗಳು ಹೆಚ್ಚಾಗಿ ಸಾಯುವುದು ಒದೆತದಿಂದಲ್ಲ, ಸೂಜಿಯಿಂದ, ಮತ್ತು ಅದರ ಮೇಲೆ ಕುಳಿತುಕೊಳ್ಳುವ ಮಕ್ಕಳಿಂದ.

ಕೊಳ್ಳಲು ಆ ಕೆಲವು ನೂರೂ ಇಲ್ಲದಿದ್ದರೆ ಬಟ್ಟೆಯ ಚೆಂಡು ಸಾಕು. ಹಳೆಯ ಕಾಲುಚೀಲದಲ್ಲಿ ಚಿಂದಿಯನ್ನು ಬಿಗಿಯಾಗಿ ತುಂಬಿ, ಸೈಕಲ್ ಟ್ಯೂಬನ್ನು ಉಂಗುರ ಉಂಗುರವಾಗಿ ಕತ್ತರಿಸಿ, ಅವುಗಳನ್ನು ಅಡ್ಡಡ್ಡ ಉದ್ದುದ್ದ ತೊಡಿಸಿದರೆ ಗಟ್ಟಿಯಾದ ಚೆಂಡಾಗುತ್ತದೆ. ಒಣಗಿದ ಬಾಳೆಪಟ್ಟೆ ಸುತ್ತಿ ಮಾಡಿದ ಚೆಂಡನ್ನು ಇಲ್ಲಿನ ಹಿರಿಯರು ಆಡಿಯೇ ಇದ್ದಾರೆ. ಇದನ್ನು ನಾನು ಬಡವನ ಬದಲಿಯೆಂದು ಹೇಳುತ್ತಿಲ್ಲ. ಬಟ್ಟೆಯ ಚೆಂಡು ಪುಟಿಯುವುದಿಲ್ಲ, ಕಿಟಕಿ ಒಡೆಯುವುದಿಲ್ಲ, ದೂರ ಓಡುವುದಿಲ್ಲ. ಆರು ವರ್ಷದ ಮಗು ಎರಡು ಪಾದಗಳ ನಡುವೆ ಆಡಿಸಿ ಕಲಿಯಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆಷಾಢದ ಮಳೆಯಲ್ಲಿ ಹೊರಗೆ ಕಾಲಿಡಲಾಗದ ದಿನ ಜಗಲಿಯ ಮೇಲೆ ಅದೇ ಗತಿ.

೨೦೨೨ರ ವಿಶ್ವಕಪ್ಪಿನ ವೇಳೆಗೆ ಕೋಳಿಕ್ಕೋಡು ಜಿಲ್ಲೆಯ ಪುಳ್ಳಾವೂರಿನ ಹೊಳೆಯ ನಡುವೆ ಮೆಸ್ಸಿ, ನೇಮಾರ್, ರೊನಾಲ್ಡೊ ಇವರ ಮೂವತ್ತು ನಲವತ್ತು ಅಡಿಗಳ ಆಳೆತ್ತರ ಮೀರಿದ ಚಿತ್ರಫಲಕಗಳು ಎದ್ದು ನಿಂತು ಲೋಕವೆಲ್ಲ ನೋಡಿತು. ಅಭಿಮಾನ ಒಳ್ಳೆಯದೇ. ನಮ್ಮ ಕಡೆಯ ಕವಲುದಾರಿಗಳಲ್ಲಿಯೂ ಅಂಥ ಫಲಕಗಳಿಗೆ ಯುವಕರು ಚಂದಾ ಎತ್ತುತ್ತಾರೆ. ಒಂದು ಫಲಕದ ಹಣದಲ್ಲಿ ಈ ಊರಿನ ಮಕ್ಕಳಿಗೆ ಎಷ್ಟು ಚೆಂಡುಗಳಾಗುತ್ತವೆ ಎಂಬ ಲೆಕ್ಕವನ್ನು ಅವರೇ ಹಾಕಿಕೊಳ್ಳಲಿ.

ಸ್ಥಳದ ವಿಷಯಕ್ಕೆ ಬಂದರೆ, ನಮಗೆ ಮೈದಾನವಿಲ್ಲವೆಂಬ ದೂರು ಇದೆ. ಸಮತಟ್ಟಾದ ದೊಡ್ಡ ನೆಲ ಈ ಗುಡ್ಡಗಾಡಿನಲ್ಲಿ ಕಡಿಮೆ ಎಂಬುದು ನಿಜ. ಆದರೆ ನಮ್ಮ ಬೇಸಾಯದ ಪಂಚಾಂಗವನ್ನು ಒಮ್ಮೆ ನೋಡಿರಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸಿಮೆಂಟಿನ ಕಣಗಳ ಮೇಲೆ ಕಾಫಿ, ಮೆಣಸು ಒಣಗುತ್ತಿರುತ್ತವೆ. ಅಲ್ಲಿ ಮಗು ಕಾಲಿಡುವಂತಿಲ್ಲ. ಆದರೆ ಆ ತಿಂಗಳುಗಳಲ್ಲಿ ನಂಜದ ಬತ್ತ ಕೊಯ್ದು ಗದ್ದೆಗಳು ಬರಿದಾಗಿ ಒಣಗಿರುತ್ತವೆ. ಮಲಬಾರಿನ ಏಳು ಜನರ ಆಟ ಬೆಳೆದುದೇ ಹೀಗೆ ಕೊಯ್ಲಾದ ಗದ್ದೆಗಳಲ್ಲಿ. ಜೂನ್ ಬಂದು ಗದ್ದೆ ಕೆಸರಾದ ಮೇಲೆ ಕಣಗಳು ಖಾಲಿ ಬಿದ್ದಿರುತ್ತವೆ. ಮಳೆ ಬಿಡುವು ಕೊಟ್ಟ ಸಂಜೆ ಆ ಸಿಮೆಂಟಿನ ನೆಲ, ನೀರು ಬಸಿದುಹೋದ ಕೂಡಲೆ, ಆಡಲು ಸಿದ್ಧ. ನೆಲ ನಮಗೆ ವರ್ಷವಿಡೀ ಇದೆ. ಒಮ್ಮೆ ಗದ್ದೆಯ ಒಡೆಯರ ಅನುಮತಿ ಬೇಕು, ಒಮ್ಮೆ ಕಣದ ಒಡೆಯರ ಅನುಮತಿ ಬೇಕು. ಈ ಸಭೆಯಲ್ಲಿ ಎರಡು ತೆರನ ಒಡೆಯರೂ ಕುಳಿತಿದ್ದೀರಿ. ಸಣ್ಣ ಕಣದ ಆಟ ಕೀಳಲ್ಲ. ೧೯೩೦ರಲ್ಲಿ ಉರುಗ್ವೆಯ ಮೊಂಟೆವಿಡಿಯೊ ನಗರದಲ್ಲಿ ಖ್ವಾನ್ ಕಾರ್ಲೋಸ್ ಸೆರಿಯಾನಿ ಎಂಬ ವ್ಯಾಯಾಮ ಶಿಕ್ಷಕರು ಬ್ಯಾಸ್ಕೆಟ್‌ಬಾಲಿನಷ್ಟೇ ಅಂಗಳದಲ್ಲಿ ಐದೈದು ಜನ ಆಡುವ ಕಾಲ್ಚೆಂಡನ್ನು ರೂಪಿಸಿದರು. ಇಕ್ಕಟ್ಟಿನಲ್ಲಿ ಚೆಂಡನ್ನು ಕಾಪಾಡಿಕೊಳ್ಳುವ ದಕ್ಷಿಣ ಅಮೆರಿಕದವರ ಜಾಣ್ಮೆಗೆ ಆ ಆಟದ ಕೊಡುಗೆ ದೊಡ್ಡದು.

ಗುರುವಿಲ್ಲದ ಮಗುವಿಗೆ ಗೋಡೆಯೇ ಗುರು. ಈ ಮಾತನ್ನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಒಂದು ಪೈಸೆಯೂ ಬೇಡದೆ ಅತ್ಯಂತ ಹೆಚ್ಚು ಕಲಿಸುವ ಉಪಾಯ ಇದೇ. ಗೋಡೆಯಿಂದ ನಾಲ್ಕೈದು ಹೆಜ್ಜೆ ದೂರದಲ್ಲಿ ಮಗು ನಿಲ್ಲಲಿ. ಒದೆಯದ ಕಾಲು ಚೆಂಡಿನ ಪಕ್ಕದಲ್ಲಿ, ಅದರ ಬೆರಳು ಗೋಡೆಯ ಕಡೆಗೆ. ಒದೆಯುವ ಕಾಲಿನ ಒಳಮಗ್ಗುಲಿನಿಂದ, ಹರಡನ್ನು ಸಡಿಲಗೊಳಿಸದೆ, ಚೆಂಡಿನ ನಡುವಿಗೆ ತಳ್ಳಬೇಕು. ಬೆರಳ ತುದಿಯಿಂದ ಗುದ್ದಬಾರದು. ಗೋಡೆ ಚೆಂಡನ್ನು ಹಿಂದಿರುಗಿಸುತ್ತದೆ. ಹಿಂದಿರುಗಿದ ಚೆಂಡನ್ನು ಕೂಡಲೆ ಒದೆಯದೆ, ಪಾದವನ್ನು ತುಸು ಹಿಂದಕ್ಕೆ ಎಳೆದುಕೊಳ್ಳುತ್ತ ಮೆಲ್ಲನೆ ಬರಮಾಡಿಕೊಂಡು ನಿಲ್ಲಿಸಬೇಕು. ಎಸೆದ ಮಾವಿನಹಣ್ಣನ್ನು ಹಿಡಿಯುವಾಗ ಕೈ ತಾನಾಗಿ ಹಿಂದಕ್ಕೆ ಸರಿಯುವುದಿಲ್ಲವೇ, ಹಾಗೆ. ಇದನ್ನು ಮೊದಲ ಸ್ಪರ್ಶವೆನ್ನುತ್ತಾರೆ, ಆಟಗಾರನ ಯೋಗ್ಯತೆಯನ್ನು ಬಲ್ಲವರು ಅಳೆಯುವುದು ಇದರಿಂದಲೇ. ನಾಲ್ಕು ಸೆಕೆಂಡಿಗೊಂದರಂತೆ ಲೆಕ್ಕ ಹಾಕಿದರೂ ೨೦ ನಿಮಿಷಗಳಲ್ಲಿ ೩೦೦ ಬಾರಿಯಾಯಿತು. ನೂರೈವತ್ತು ಬಲಗಾಲಿನಿಂದ, ನೂರೈವತ್ತು ಎಡಗಾಲಿನಿಂದ. ಎಡಗಾಲಿನ ಲೆಕ್ಕದಲ್ಲಿ ಮಕ್ಕಳು ಮೋಸ ಮಾಡುತ್ತವೆ. ಜಗಲಿಯಲ್ಲಿ ಕುಳಿತ ಅಜ್ಜಿ ಕನ್ನಡದಲ್ಲಿ ಎಣಿಸಲಿ, ಮಗುವಿಗೆ ನೂರರವರೆಗೆ ಕನ್ನಡದ ಎಣಿಕೆಯೂ ಬಂದಂತಾಯಿತು. ಮೈದಾನದಲ್ಲಿ ‘ಪಂದು ಕಳಿ’ ಎನ್ನುವ ಮಕ್ಕಳು ಮನೆಯಲ್ಲಿ ‘ಚೆಂಡಾಟ’ ಎನ್ನಲಿ, ಎರಡೂ ಬರಲಿ.

ಗೋಡೆಯ ಮೇಲೆ ಸುಣ್ಣದಿಂದ ಒಂದು ಚೌಕ ಬರೆದರೆ ಗುರಿ ಸಿಕ್ಕಿತು. ಚೌಕ ತಪ್ಪದಂತಾದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಹೋಗಬೇಕು. ಮಣ್ಣಿನ ಗೋಡೆಯ ಗಾರೆ ಉದುರುತ್ತದೆಂದು ತಾಯಂದಿರು ಆಕ್ಷೇಪಿಸುವರು, ನ್ಯಾಯವೇ. ಅಂತಹ ಕಡೆ ಗಾಳಿ ತುಸು ಇಳಿಸಿದ ಚೆಂಡೋ ಬಟ್ಟೆಯ ಚೆಂಡೋ ಆಗಲಿ, ಅಥವಾ ಕಣದ ಸಿಮೆಂಟು ಕಟ್ಟೆಯನ್ನು ಬಳಸಲಿ. ಅನಂತರ ಚೆಂಡನ್ನು ಓಡಿಸುವ ಅಭ್ಯಾಸ. ಎರಡು ಹೆಜ್ಜೆಗೊಂದರಂತೆ ಎಂಟು ಕರಟಗಳನ್ನು ಸಾಲಾಗಿಟ್ಟು ಅವುಗಳ ನಡುವೆ ಹಾವಿನಂತೆ ಚೆಂಡನ್ನು ನಡೆಸಿಕೊಂಡು ಹೋಗಿ ಬರಬೇಕು. ಕಣ್ಣು ಚೆಂಡಿನ ಮೇಲೆಯೇ ಅಂಟಿರಬಾರದು. ಅಣ್ಣನೋ ಅಕ್ಕನೋ ಎದುರಿಗೆ ನಿಂತು ಬೆರಳುಗಳನ್ನೆತ್ತಲಿ, ಓಡುತ್ತಲೇ ಮಗು ‘ಮೂರು’, ‘ಐದು’ ಎಂದು ಹೇಳಲಿ. ತಲೆಯೆತ್ತುವುದನ್ನು ಕಲಿಸಲು ಇದಕ್ಕಿಂತ ಸುಲಭವಾದ ದಾರಿ ನನಗೆ ಕಂಡಿಲ್ಲ.

ಹತ್ತು ವರ್ಷದೊಳಗಿನ ಮಕ್ಕಳಿಗೆ ತಲೆಯಿಂದ ಚೆಂಡನ್ನು ಹೊಡೆಯುವ ಅಭ್ಯಾಸ ಮಾಡಿಸಬೇಡಿರಿ. ೨೦೧೫ರಲ್ಲಿ ಅಮೆರಿಕದ ಸಂಸ್ಥೆ ಹತ್ತು ಮತ್ತು ಅದಕ್ಕಿಂತ ಕಿರಿಯರಿಗೆ ಅದನ್ನು ನಿಷೇಧಿಸಿತು. ೨೦೨೦ರಲ್ಲಿ ಇಂಗ್ಲೆಂಡಿನವರು ಪ್ರಾಥಮಿಕ ವಯಸ್ಸಿನ ಮಕ್ಕಳ ತರಬೇತಿಯಿಂದ ಅದನ್ನು ತೆಗೆದರು. ಮಿದುಳಿನ ವಿಷಯ, ಅವಸರ ಬೇಡ.

ಒಂಟಿ ಅಭ್ಯಾಸ ಸಾಕಾಗದು, ಜೊತೆಯವರು ಬೇಕು. ಇಲ್ಲಿ ನಾವು ಮಾಡುವ ತಪ್ಪು ಸಂಖ್ಯೆಯದು. ದೊಡ್ಡವರಂತೆ ಹನ್ನೊಂದು ಹನ್ನೊಂದು ಮಕ್ಕಳನ್ನು ನಿಲ್ಲಿಸಿ ಒಂದು ಚೆಂಡು ಕೊಟ್ಟರೆ, ೪೦ ನಿಮಿಷದ ಆಟದಲ್ಲಿ ಚೆಂಡು ಎಲ್ಲರಿಗೂ ಸಮನಾಗಿ ಹಂಚಿಹೋದರೂ ಒಬ್ಬನ ಪಾಲಿಗೆ ಎರಡು ನಿಮಿಷವೂ ಬರುವುದಿಲ್ಲ. ಸಮನಾಗಿ ಹಂಚಿಹೋಗುವುದೂ ಇಲ್ಲ. ಬಲ್ಲವನ ಕಾಲಿನಲ್ಲೇ ಅದು ಸುತ್ತುತ್ತದೆ, ಬಾರದ ಮಗು ಮೂಲೆಯಲ್ಲಿ ನಿಂತು ಹುಲ್ಲು ಕೀಳುತ್ತದೆ. ಅದೇ ಮಕ್ಕಳನ್ನು ಇಬ್ಬರೆದುರು ಇಬ್ಬರಂತೆ, ಮೂವರೆದುರು ಮೂವರಂತೆ ಬಿಡಿಸಿ ಗುಂಪಿಗೊಂದು ಚೆಂಡು ಕೊಡಿರಿ, ಬಟ್ಟೆಯದಾದರೂ ಸರಿ. ನಾಲ್ವರ ಗುಂಪಿನಲ್ಲಿ ಪ್ರತಿಯೊಬ್ಬನ ಪಾಲಿಗೆ ಹತ್ತು ನಿಮಿಷ ಬಂದಿತು. ನಿಯಮಾನುಸಾರವಾದ ಗೋಲಿನ ಅಗಲ ೭.೩೨ ಮೀಟರ್, ಎತ್ತರ ೨.೪೪ ಮೀಟರ್, ಮಕ್ಕಳಿಗೆ ಅದು ಬೇಡವೇ ಬೇಡ. ಎರಡು ಕಲ್ಲು, ಇಲ್ಲವೆ ನಮ್ಮ ನಮ್ಮ ಹಿತ್ತಲಿನ ಎರಡು ಬಿದಿರು ನೆಟ್ಟರೆ ಆಯಿತು. ನೆಟ್ಟದ್ದು ಭದ್ರವಾಗಿರಲಿ, ಜೋತುಬಿದ್ದ ಮಗುವಿನ ಮೇಲೆ ಉರುಳಬಾರದು.

ಪಾದಗಳ ವಿಷಯ. ಒಣಗಿದ ಗದ್ದೆಯಲ್ಲಿ, ಗುಡಿಸಿದ ಕಣದಲ್ಲಿ ಚಿಕ್ಕ ಮಕ್ಕಳು ಬರಿಗಾಲಿನಲ್ಲಿ ಆಡಿದರೆ ಚೆಂಡಿನ ಮೈ ಪಾದಕ್ಕೆ ಪರಿಚಯವಾಗುತ್ತದೆ, ಒಳ್ಳೆಯದೇ. ಆದರೆ ಮಳೆಗಾಲದ ನಿಂತ ನೀರಿನಲ್ಲಿ, ಕಾಲಿನಲ್ಲಿ ಗಾಯವಿರುವಾಗ, ಬರಿಗಾಲು ಸಲ್ಲದು. ಇಲಿಜ್ವರ ನಮ್ಮ ಜಿಲ್ಲೆಗೆ ಹೊಸದಲ್ಲ. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿ ಬರುವ ರೋಗವದು. ಆಟ ಮುಗಿದ ಮೇಲೆ ಸಾಬೂನು ಹಚ್ಚಿ ಕಾಲು ತೊಳೆಯಲಿ. ಆಡಿದ ಮೂರು ನಾಲ್ಕು ವಾರಗಳೊಳಗೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಇವು ಕಂಡರೆ ಕಷಾಯ ಕುಡಿಸಿ ಕಾಯದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು, ಮಗು ಕೆಸರಿನಲ್ಲಿ ಆಡಿತ್ತೆಂದು ವೈದ್ಯರಿಗೆ ಹೇಳಬೇಕು. ಇನ್ನು ಹೊಳೆ. ಕಪಿಲೆ ನಮ್ಮನ್ನು ಸಾಕಿದ ತಾಯಿ, ಆದರೆ ಅವಳ ಮಡುವಿನಲ್ಲಿ ಮೊಸಳೆಗಳಿವೆ, ಮಳೆಗಾಲದಲ್ಲಿ ಸೆಳವಿದೆ. ಹೊಳೆಗೆ ಬಿದ್ದ ಚೆಂಡು ಹೊಳೆಯದು. ಅದನ್ನು ತರಲು ಯಾವ ಮಗುವೂ ಇಳಿಯಬಾರದು, ಚೆಂಡು ಕಳೆದದ್ದಕ್ಕೆ ಯಾವ ತಂದೆಯೂ ಗದರಬಾರದು. ಗದರಿಕೆಯ ಭಯದಿಂದಲೇ ಮಕ್ಕಳು ನೀರಿಗಿಳಿಯುವುದು.

ಇಷ್ಟರವರೆಗೆ ಹೇಳಿದ್ದರಲ್ಲಿ ಹಣದ ಪಾಲು ಎಷ್ಟು ಕಡಿಮೆ ಎಂಬುದನ್ನು ತಾವು ಗಮನಿಸಿರಬಹುದು. ಹಾಗಾದರೆ ನಮ್ಮ ಮಕ್ಕಳಿಗೆ ನಿಜವಾಗಿ ಇಲ್ಲದಿರುವುದೇನು? ಹೊತ್ತು. ಶಾಲೆ ನಾಲ್ಕು ಗಂಟೆಗೆ ಬಿಡುತ್ತದೆ. ಮನೆ ಸೇರಿ ಒಂದು ಲೋಟ ಕಾಫಿ ಕುಡಿಯುವಾಗ ಐದರ ಹತ್ತಿರವಾಯಿತು. ಡಿಸೆಂಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕತ್ತಲಾದ ಮೇಲೆ ಆಚೆಯ ಕಾಡಿನಿಂದ ಹೊಳೆ ದಾಟಿ ಆನೆಗಳು ಗದ್ದೆಗಿಳಿಯುವ ಊರು ನಮ್ಮದು. ಪೇಟೆಯ ಮಗುವಿನಂತೆ ದೀಪದ ಕೆಳಗೆ ಎಂಟು ಗಂಟೆಯವರೆಗೆ ಆಡುವ ಭಾಗ್ಯ ನಮ್ಮ ಮಗುವಿಗಿಲ್ಲ. ಅದಕ್ಕೆ ಇರುವುದು ಒಂದೇ ಗಂಟೆ. ಆ ಗಂಟೆಯಲ್ಲಿಯೇ ನಾವು ದನವನ್ನು ಅಟ್ಟಿಕೊಂಡು ಬರಲು, ಅಂಗಡಿಯಿಂದ ಸಕ್ಕರೆ ತರಲು, ಟ್ಯೂಷನ್ನಿಗೆ ಹೋಗಲು ಹೇಳುತ್ತೇವೆ. ಕೆಲಸ ಹೇಳಬೇಡಿರೆಂದು ನಾನು ಹೇಳಲಾರೆ, ಬೇಸಾಯದ ಮನೆಯಲ್ಲಿ ಅದು ನಡೆಯದ ಮಾತು. ವಾರದಲ್ಲಿ ನಾಲ್ಕು ದಿನ ಆ ಒಂದು ಗಂಟೆಯನ್ನು ಬಿಟ್ಟುಕೊಡಿರಿ ಎಂದಷ್ಟೇ ಬೇಡುತ್ತೇನೆ. ಬೆಳಿಗ್ಗೆ ಮಂಜು ಕರಗಿ ಬಸ್ಸು ಬರುವುದರೊಳಗೆ ಗೋಡೆಯ ಮುಂದೆ ೨೦ ನಿಮಿಷ ದೊರೆತರೆ ಇನ್ನೂ ಲೇಸು. ಸಂಜೆ ಆಡುವಲ್ಲಿ ಹಿರಿಯರೊಬ್ಬರು ಸರದಿಯಂತೆ ಬಂದು ಕುಳಿತಿರಬೇಕು. ಬೆಳಕಿರುವಾಗಲೇ ಮಕ್ಕಳನ್ನು ಒಟ್ಟಿಗೆ ಮನೆಗೆ ಹೊರಡಿಸುವುದು ಅವರ ಹೊಣೆ.

ಹೆಣ್ಣುಮಕ್ಕಳ ಹೊತ್ತು ಇನ್ನೂ ಕಿರಿದು. ತಮ್ಮ ಚೆಂಡು ಹಿಡಿದು ಓಡುವಾಗ ಅಕ್ಕ ಪಾತ್ರೆ ತೊಳೆಯುತ್ತಿರುತ್ತಾಳೆ. ಕಾಲ್ಚೆಂಡಿಗೆ ಬೇಕಾದ ಕಾಲಿನ ಚುರುಕು ಅವಳಲ್ಲಿ ಕಡಿಮೆಯಿಲ್ಲ. ಎಷ್ಟೋ ಮನೆಗಳಲ್ಲಿ ಅವಳದೇ ಹೆಚ್ಚು. ಶಾಲಾ ತಂಡಗಳಿಗಾಗಿ ೧೯೬೦ರಲ್ಲಿ ಪ್ರಾರಂಭವಾದ ಸುಬ್ರೊತೊ ಕಪ್ ಪಂದ್ಯಾವಳಿಯಲ್ಲಿ ಇಂದು ಬಾಲಕಿಯರ ವಿಭಾಗವೂ ಇದೆ. ಪಾತ್ರೆಯನ್ನು ತಮ್ಮನೂ ತೊಳೆಯಬಲ್ಲನು.

ಕೊನೆಗೆ, ಹಣ ಬೇಕೇ ಬೇಕಾಗುವ ಕೆಲವು ಸಂಗತಿಗಳು. ಪಂದ್ಯಕ್ಕೆ ಹೋಗುವ ಹನ್ನೆರಡರ ಮಗುವಿಗೆ ಬೂಟು ಬೇಕು, ಮೊಣಕಾಲಿನ ಕೆಳಗೆ ಕಟ್ಟುವ ರಕ್ಷಾಪಟ್ಟಿ ಬೇಕು. ಆ ವಯಸ್ಸಿನಲ್ಲಿ ಪಾದ ಎಷ್ಟು ಬೇಗ ಬೆಳೆಯುತ್ತದೆಂದರೆ ಬೂಟು ಸವೆಯುವ ಮೊದಲೇ ಚಿಕ್ಕದಾಗಿರುತ್ತದೆ. ಅಂತಹ ಬೂಟುಗಳು ನಮ್ಮ ಅಟ್ಟಗಳ ಮೇಲೆ ಧೂಳು ತಿನ್ನುತ್ತಿವೆ. ಅವುಗಳನ್ನೆಲ್ಲ ತೊಳೆದು ತಂದು ಸಂಘದ ಕೊಠಡಿಯಲ್ಲಿ ಒಂದು ಮರದ ಪೆಟ್ಟಿಗೆಯಲ್ಲಿ, ಒಳಗೆ ಅಳತೆಯನ್ನು ಬರೆದು ಇಡೋಣ. ಬೇಕಾದ ಮಗು ಹೆಸರು ಬರೆಸಿ ಒಯ್ಯಲಿ, ಚಿಕ್ಕದಾದಾಗ ಮರಳಿ ತರಲಿ. ಗಾಳಿ ಹಾಕುವ ಪಂಪು ಮನೆಗೊಂದು ಬೇಕಿಲ್ಲ, ಪೆಟ್ಟಿಗೆಯಲ್ಲಿ ಒಂದಿದ್ದರೆ ಸಾಕು, ಸೂಜಿಗಳು ನಾಲ್ಕಾರು ಇರಲಿ.

ಮಗುವಿನಲ್ಲಿ ನಿಜವಾದ ಕಸುವು ಕಂಡರೆ ಮುಂದಿನ ದಾರಿಗೂ ತಂದೆತಾಯಿಗಳೇ ಹಣ ಸುರಿಯಬೇಕಾಗಿಲ್ಲ. ಇಲ್ಲಿನ ಶಾಲೆಯ ಮಗು ಮೊದಲು ಉಪಜಿಲ್ಲೆಯ ಶಾಲಾ ಕ್ರೀಡೆಗಳಲ್ಲಿ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಆಡುತ್ತ ಹೋಗುತ್ತದೆ. ತಿರುವನಂತಪುರದಲ್ಲಿ ಜಿ. ವಿ. ರಾಜಾ ಕ್ರೀಡಾಶಾಲೆಯಿದೆ, ಆಯ್ಕೆಯಾದವರ ಓದು, ಊಟ, ತರಬೇತಿ ಸರ್ಕಾರದ್ದು. ಹೊಳೆಯಾಚೆಯ ಬೈರಕುಪ್ಪೆಯ ಮಕ್ಕಳಿಗೆ ಕರ್ನಾಟಕದ ಕ್ರೀಡಾ ಇಲಾಖೆಯ ಕ್ರೀಡಾನಿಲಯಗಳಿವೆ. ಆಯ್ಕೆ ಎಂದು ನಡೆಯುತ್ತದೆಂಬುದನ್ನು ಶಾಲೆಯ ವ್ಯಾಯಾಮ ಶಿಕ್ಷಕರ ಬಳಿ ಪ್ರತಿ ವರ್ಷವೂ ಮುಂಚಿತವಾಗಿ ವಿಚಾರಿಸಿ ತಿಳಿಯಬೇಕು.

ಆದರೆ ಗಡಿಯವರಾದ ನಮಗೆ ಮಾತ್ರ ಇರುವ ಒಂದು ತೊಡಕಿದೆ. ಕನ್ನಡದ ಹೆಸರು ಮಲಯಾಳ ಲಿಪಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಕಾಗುಣಿತ ಬದಲಾಗುತ್ತದೆ. ಜನನ ಪತ್ರದಲ್ಲೊಂದು, ಶಾಲೆಯ ದಾಖಲೆಯಲ್ಲೊಂದು, ಆಧಾರ್ ಚೀಟಿಯಲ್ಲಿ ಇನ್ನೊಂದು. ವಯಸ್ಸಿನ ಮೇಲೆ ವಿಂಗಡಿಸುವ ಆಟಗಳಲ್ಲಿ ಈ ಕಾಗದಗಳು ಒಂದಕ್ಕೊಂದು ಹೊಂದದಿದ್ದರೆ ಎಷ್ಟು ಚೆನ್ನಾಗಿ ಆಡುವ ಮಗುವೂ ಬಾಗಿಲಿನಲ್ಲಿಯೇ ನಿಲ್ಲಬೇಕಾದೀತು. ಮಗು ಐದನೆಯ ತರಗತಿಗೆ ಬರುವುದರೊಳಗೆ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರಕ್ಕಕ್ಷರ ಹೋಲಿಸಿ ನೋಡಿರಿ. ಓದುಬರಹ ತಿಳಿದ ನಮ್ಮ ಸಂಘದ ಯುವಕರು ಅರ್ಜಿ ಬರೆದುಕೊಡಲು ಮುಂದೆ ಬಂದಾರೆಂದು ನಂಬಿದ್ದೇನೆ.

ಬೂಟಿನ ಪೆಟ್ಟಿಗೆಯನ್ನು ಮಾಡಿಕೊಡಲು ಸಭೆಯಲ್ಲಿರುವ ಬಡಗಿಗಳೊಬ್ಬರು ಈಗಾಗಲೇ ಒಪ್ಪಿರುವರು; ಮರ ಮಾತ್ರ ಬೇಕಾಗಿದೆ. ಹಲಗೆ ಕೊಡಬಲ್ಲವರು ಸಭೆ ಮುಗಿದ ಕೂಡಲೆ ಕಾರ್ಯದರ್ಶಿಗಳಲ್ಲಿ ಹೆಸರು ಹೇಳಬೇಕಾಗಿ ಬೇಡುತ್ತೇನೆ.